ಭೀಮಾತೀರದಲ್ಲಿ ಸುಣ್ಣ, ಸಿಮೆಂಟು ಮತ್ತು ಕಾವು: ಅಚ್ಚಿನ ಕಾಂಕ್ರೀಟನ್ನು ಹದಗೊಳಿಸುವ ಪದ್ಧತಿಯ ಚರಿತ್ರೆ

೧. ವಿಷಯ ಪ್ರವೇಶ

ಕಲಬುರಗಿಯಿಂದ ದಕ್ಷಿಣಕ್ಕೆ ಸುಮಾರು ೪೦ ಕಿಲೋಮೀಟರು ಸಾಗಿ, ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮಾನದಿಯನ್ನು ದಾಟಿದರೆ ಜೇವರ್ಗಿಯ ಸೀಮೆ ಮೊದಲಾಗುತ್ತದೆ. ಇದು ಕರಿನೆಲದ ನಾಡು. ಜೋಳ, ತೊಗರಿ, ಹತ್ತಿ ಇಲ್ಲಿಯ ಮುಖ್ಯ ಬೆಳೆಗಳು. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣತೆಯು ೪೦ ಡಿಗ್ರಿ ಸೆಂಟಿಗ್ರೇಡನ್ನು ಮೀರುವುದು ಇಲ್ಲಿ ವಿಶೇಷವಲ್ಲ, ವಾಡಿಕೆ. ಇಂತಹ ನಾಡಿನ ಊರುಗಳ ಹೊರವಲಯದಲ್ಲಿ ಇಂದು ಅಚ್ಚಿನಲ್ಲಿ ಕಾಂಕ್ರೀಟನ್ನು ಹೊಯ್ದು ಬಾವಿಯ ರಿಂಗು, ಬೇಲಿಯ ಕಂಬ, ಕಿಟಕಿಯ ಚೌಕಟ್ಟು, ಚರಂಡಿಯ ಮುಚ್ಚಳ ಮೊದಲಾದವುಗಳನ್ನು ತಯಾರಿಸುವ ಅಂಗಳಗಳು ಕಾಣಸಿಗುತ್ತವೆ. ಕಟ್ಟಡದ ಜಾಗದಲ್ಲಿಯೇ ಹೊಯ್ಯದೆ, ಬೇರೆಡೆಯಲ್ಲಿ ಮೊದಲೇ ಅಚ್ಚಿಗೆ ಹೊಯ್ದು, ಗಟ್ಟಿಯಾದ ಮೇಲೆ ಸಾಗಿಸಿ ಜೋಡಿಸುವ ಈ ವಸ್ತುವನ್ನು ನಾವು ಈ ಲೇಖನದಲ್ಲಿ 'ಅಚ್ಚಿನ ಕಾಂಕ್ರೀಟು' ಎಂದು ಕರೆಯುತ್ತೇವೆ.

ಹೊಯ್ದ ಕಾಂಕ್ರೀಟು ಬಲವನ್ನು ಪಡೆಯುವವರೆಗೆ ಅದನ್ನು ತೇವದಲ್ಲಿ ಕಾಪಾಡುವ ಕ್ರಿಯೆಗೆ ಗುತ್ತಿಗೆದಾರರೂ ಕೂಲಿಕಾರರೂ 'ಕ್ಯೂರಿಂಗ್' ಎಂದೂ, ಇನ್ನೂ ಸರಳವಾಗಿ 'ನೀರು ಹೊಡೆಯುವುದು' ಎಂದೂ ಹೇಳುತ್ತಾರೆ. ನಾವು ಇದಕ್ಕೆ 'ಹದಗೊಳಿಸುವಿಕೆ' ಎಂಬ ಮಾತನ್ನು ಬಳಸುತ್ತೇವೆ. ದೊಡ್ಡ ಕಾರ್ಖಾನೆಗಳಲ್ಲಿ ಈ ಕೆಲಸವನ್ನು ಬೇಗನೆ ಮುಗಿಸುವುದಕ್ಕಾಗಿ ಆವಿಯ ಕಾವನ್ನು ಕೊಡುವ ಪದ್ಧತಿಯಿದೆ. ಕಾವಿಗೆ ಉರುವಲು ಬೇಕು. ಉರುವಲಿಗೆ ಹಣ ಬೇಕು. ಸೂರ್ಯನೇ ಇಷ್ಟೊಂದು ಕಾವನ್ನು ಸುರಿಸುವ ನಾಡಿನಲ್ಲಿ ಉರುವಲನ್ನು ಸುಟ್ಟು ಕಾಂಕ್ರೀಟನ್ನು ಕಾಯಿಸುವುದು ಎಷ್ಟರಮಟ್ಟಿಗೆ ಅವಶ್ಯಕ? ಈ ಪ್ರಶ್ನೆಯು ಮೇಲ್ನೋಟಕ್ಕೆ ಎಂಜಿನಿಯರುಗಳಿಗೆ ಮಾತ್ರ ಸೇರಿದ್ದೆಂದು ತೋರಬಹುದು. ಆದರೆ ಆವಿಯ ಪದ್ಧತಿಯು ಎಲ್ಲಿ, ಯಾವ ಕೊರತೆಯನ್ನು ನೀಗಿಸಲು ಬೆಳೆಯಿತು, ನಮ್ಮ ನಾಡಿಗೆ ಯಾವ ಮಾರ್ಗವಾಗಿ ಬಂದಿತು, ಅದಕ್ಕೆ ಮೊದಲು ನಮ್ಮ ಕುಶಲಕರ್ಮಿಗಳು ಇದೇ ಕೆಲಸವನ್ನು ಹೇಗೆ ನಡೆಸುತ್ತಿದ್ದರು ಎಂಬುವು ಚರಿತ್ರೆಯ ಪ್ರಶ್ನೆಗಳು. ಅವುಗಳನ್ನು ವಿಚಾರಿಸದೆ ಮೊದಲಿನ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯಲಾರದೆಂಬುದು ನಮ್ಮ ಅಭಿಪ್ರಾಯ.

೨. ಸುಣ್ಣದ ಕಾಲ

ಭೀಮಾತೀರದ ಕಟ್ಟಡವಿದ್ಯೆಯ ಚರಿತ್ರೆಯು ಸುಣ್ಣದಕಲ್ಲಿನ ಚರಿತ್ರೆಯೇ ಆಗಿದೆ. ಈ ಪ್ರದೇಶದ ಪದರಪದರವಾದ ಶಿಲಾಸಮೂಹಕ್ಕೆ ಭೂವಿಜ್ಞಾನಿಗಳು 'ಭೀಮಾ' ಎಂಬ ನದಿಯ ಹೆಸರನ್ನೇ ಇಟ್ಟಿದ್ದಾರೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ೧೯೯೦ರ ದಶಕದಲ್ಲಿ ನಡೆದ ಉತ್ಖನನದಿಂದ ಹೊರಬಂದ ಬೌದ್ಧ ಸ್ತೂಪದ ಶಿಲ್ಪಫಲಕಗಳು ಸುಣ್ಣದಕಲ್ಲಿನವು. ಅವುಗಳಲ್ಲಿ ಅಶೋಕನ ಹೆಸರನ್ನು ಕೆತ್ತಿದ ಫಲಕವೂ ಒಂದು. ಆ ಕಾಲದಿಂದ ಇಂದಿನ ಮನೆಗಳ ನೆಲಕ್ಕೆ ಹಾಸುವ ಶಹಾಬಾದಿನ ಪರಸಿಯವರೆಗೆ ಇದೇ ಕಲ್ಲು ಜನರಿಗೆ ಆಸರೆಯಾಗಿ ಬಂದಿದೆ.

ಕಲ್ಲನ್ನು ಕಲ್ಲಾಗಿ ಬಳಸುವುದು ಒಂದು ಬಗೆ. ಸುಟ್ಟು ಸುಣ್ಣವಾಗಿ ಬಳಸುವುದು ಇನ್ನೊಂದು. ಸುಣ್ಣದಕಲ್ಲನ್ನು ಭಟ್ಟಿಯಲ್ಲಿ ಸುಮಾರು ೯೦೦ ಡಿಗ್ರಿಯವರೆಗೆ ಕಾಯಿಸಿದಾಗ ಅದರಲ್ಲಿನ ಇಂಗಾಲದ ಅನಿಲವು ಹೊರಟುಹೋಗಿ ಸುಟ್ಟ ಸುಣ್ಣವು ಉಳಿಯುತ್ತದೆ. ನೀರು ಹಾಕಿ ಅರಳಿಸಿದ ಸುಣ್ಣವು ಗಾಳಿಯಲ್ಲಿನ ಅದೇ ಅನಿಲವನ್ನು ಮೆಲ್ಲಮೆಲ್ಲನೆ ಮರಳಿ ಪಡೆದು ಪುನಃ ಕಲ್ಲಿನಂತಾಗುತ್ತದೆ. ಕರಿನೆಲದಲ್ಲಿ ದೊರೆಯುವ ಸುಣ್ಣದ ಹರಳುಗಳಲ್ಲಿ ಜೇಡಿಯ ಅಂಶವೂ ಕೂಡಿರುವುದರಿಂದ ಅವುಗಳನ್ನು ಸುಟ್ಟು ಪಡೆದ ಸುಣ್ಣವು ನೀರಿನೊಡನೆಯೂ ಕೂಡಿ ಗಟ್ಟಿಯಾಗಬಲ್ಲದು. ಸುಣ್ಣಕ್ಕೆ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನು ಬೆರೆಸಿದರೂ ಇಂತಹುದೇ ಫಲ ದೊರೆಯುತ್ತದೆ. ಗುಲಬರ್ಗಾ ಕೋಟೆಯಲ್ಲಿ ೧೩೬೭ರಲ್ಲಿ ಕಟ್ಟಿದ ಜಾಮಿ ಮಸೀದಿಯು ಬಯಲು ಅಂಗಳವಿಲ್ಲದೆ ಸಂಪೂರ್ಣವಾಗಿ ಕಮಾನು ಗುಮ್ಮಟಗಳಿಂದ ಮುಚ್ಚಲ್ಪಟ್ಟುದು. ಕಬ್ಬಿಣದ ಸಲಾಕೆಯಿಲ್ಲದೆ, ಸಿಮೆಂಟಿಲ್ಲದೆ, ಆರೂವರೆ ಶತಮಾನಗಳ ಬೇಸಗೆಗಳನ್ನು ಸಹಿಸಿ ನಿಂತಿರುವ ಆ ಮಾಳಿಗೆಯು ಗಚ್ಚಿನ ಕೆಲಸಕ್ಕೆ ಸಾಕ್ಷಿಯಾಗಿದೆ.

ಈ ಕೆಲಸದ ಕ್ರಮದಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ಸುಣ್ಣಕ್ಕೆ ಬೇಕಾದ ಬೆಂಕಿಯೆಲ್ಲವೂ ಭಟ್ಟಿಯಲ್ಲಿಯೇ ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಬೇಕಾಗಿದ್ದುದು ನೀರು ಮತ್ತು ಕಾಲ. ಅರಳಿಸಿದ ಸುಣ್ಣವನ್ನು ಗುಂಡಿಯಲ್ಲಿ ಕೊಳೆಯಬಿಡುತ್ತಿದ್ದರು. ಎತ್ತಿನ ಗಾಣದಲ್ಲಿ ಅರೆಯುತ್ತಿದ್ದರು. ದಖ್ಖನ್ನಿನಲ್ಲಿ ಅನೇಕ ಕಡೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸುತ್ತಿದ್ದರು. ಬಳಿದ ಗಚ್ಚು ಬಿಸಿಲಿಗೆ ಒಡನೆ ಒಣಗದಂತೆ ನೆನೆಸುತ್ತಿದ್ದರು. ಒಣಗುವುದು ಬೇರೆ, ಗಟ್ಟಿಯಾಗುವುದು ಬೇರೆ ಎಂಬ ತಿಳಿವಳಿಕೆಯು ಈ ಎಲ್ಲ ಕ್ರಿಯೆಗಳ ಹಿಂದೆ ಇದ್ದಿತು. ನಮ್ಮ ಮಧ್ಯಯುಗದ ಶಾಸನಗಳಲ್ಲಿ ದೇವಾಲಯಗಳಿಗೆ ದತ್ತಿ ಬಿಡುವಾಗ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆಂದು, ಎಂದರೆ ಬಿರಿದುದನ್ನೂ ಒಡೆದುದನ್ನೂ ಸರಿಪಡಿಸುವುದಕ್ಕೆಂದು, ಆದಾಯವನ್ನು ಮೀಸಲಿಡುತ್ತಿದ್ದುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಪರಿಚಿತವಾದ ಸಂಗತಿ. ಕಟ್ಟಿದ ಮೇಲೆಯೂ ಆರೈಕೆ ಬೇಕೆಂಬುದು ಆ ಕಾಲದ ಕಟ್ಟಡವಿದ್ಯೆಯ ಅಂಗವೇ ಆಗಿದ್ದಿತು.

೩. ಸಿಮೆಂಟಿನ ಆಗಮನ

ಈ ನಿಧಾನದ ಪದ್ಧತಿಗೆ ಎದುರಾಗಿ ಬಂದುದು ಪೋರ್ಟ್‌ಲ್ಯಾಂಡ್ ಸಿಮೆಂಟು. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ೧೮೨೪ರಲ್ಲಿ ಈ ಹೆಸರಿನಿಂದ ಹಕ್ಕುಪತ್ರವನ್ನು ಪಡೆದನು. ಇಂದಿನ ಸಿಮೆಂಟನ್ನು ತಯಾರಿಸಲು ಸುಣ್ಣದಕಲ್ಲು ಮತ್ತು ಜೇಡಿಯ ಮಿಶ್ರಣವನ್ನು ಸುಮಾರು ೧೪೫೦ ಡಿಗ್ರಿಯವರೆಗೆ ಕಾಯಿಸಬೇಕು. ಸುಣ್ಣದ ಭಟ್ಟಿಗಿಂತ ಇಲ್ಲಿ ಬೆಂಕಿ ಹೆಚ್ಚು. ಅದಕ್ಕೆ ಪ್ರತಿಫಲವಾಗಿ ದೊರೆಯುವುದು ಕಾಲದ ಉಳಿತಾಯ. ಸುಣ್ಣವು ತಿಂಗಳುಗಟ್ಟಲೆ ತೆಗೆದುಕೊಳ್ಳುವ ಕೆಲಸವನ್ನು ಸಿಮೆಂಟು ಕೆಲವು ದಿನಗಳಲ್ಲಿ ಮುಗಿಸುತ್ತದೆ.

ನಮ್ಮ ಭಾಗಕ್ಕೆ ಸಿಮೆಂಟು ಬರಲು ರೈಲುದಾರಿಯು ಕಾರಣವಾಯಿತು. ಮುಂಬಯಿಯಿಂದ ರಾಯಚೂರಿಗೆ ಹೋಗುವ ಮಾರ್ಗವು ೧೮೭೧ರಲ್ಲಿ ಕಲಬುರಗಿ, ಶಹಾಬಾದು, ವಾಡಿಗಳ ಮೇಲೆ ಹಾದುಹೋಯಿತು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ತೆರೆಯಿತು. ಕಲ್ಲು ಇಲ್ಲಿಯೇ ಇದ್ದಿತು. ಕಲ್ಲಿದ್ದಲನ್ನು ತರಲು, ಸಿಮೆಂಟನ್ನು ಒಯ್ಯಲು ದಾರಿ ಸಿದ್ಧವಾಯಿತು. ಭಾರತದಲ್ಲಿ ಸಿಮೆಂಟಿನ ದೊಡ್ಡ ಉತ್ಪಾದನೆಯು ೧೯೧೪ರಲ್ಲಿ ಪೋರಬಂದರಿನಲ್ಲಿ ಆರಂಭವಾದ ಮೇಲೆ, ೧೯೨೦ರ ದಶಕದಲ್ಲಿ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದ ಶಹಾಬಾದಿನಲ್ಲಿ ಕಾರ್ಖಾನೆಯು ತಲೆಯೆತ್ತಿತು. ೧೯೩೬ರಲ್ಲಿ ಅನೇಕ ಸಿಮೆಂಟು ಕಂಪೆನಿಗಳು ಒಂದುಗೂಡಿ ಎ.ಸಿ.ಸಿ. ಎಂಬ ಸಂಸ್ಥೆಯಾದಾಗ ಶಹಾಬಾದಿನ ಕಂಪೆನಿಯೂ ಅದರಲ್ಲಿ ಸೇರಿತು. ಇದೇ ಅವಧಿಯಲ್ಲಿ ಮೈಸೂರು ಸಂಸ್ಥಾನದವರು ಕೃಷ್ಣರಾಜಸಾಗರದ ಕಟ್ಟೆಯನ್ನು (೧೯೧೧ರಿಂದ ೧೯೩೧ರ ಸುಮಾರಿನವರೆಗೆ) ಸುರ್ಕಿಗಾರೆಯಿಂದ ಕಟ್ಟಿದರೆಂಬುದನ್ನು ನೆನೆದರೆ, ಕನ್ನಡನಾಡಿನಲ್ಲಿ ಸುಣ್ಣದ ವಿದ್ಯೆಯೂ ಸಿಮೆಂಟಿನ ವಿದ್ಯೆಯೂ ಕೆಲವು ಕಾಲ ಒಟ್ಟಿಗೆ ನಡೆದವೆಂಬುದು ವಿದಿತವಾಗುತ್ತದೆ.

೧೯೪೮ರಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ೧೯೫೬ರಲ್ಲಿ ಗುಲಬರ್ಗಾ ಜಿಲ್ಲೆಯು ವಿಶಾಲ ಮೈಸೂರಿಗೆ ಸೇರಿತು. ವಾಡಿಯ ಕಾರ್ಖಾನೆಯು ೧೯೬೮ರಲ್ಲಿ ಆರಂಭವಾಯಿತು. ೧೯೮೦ರ ದಶಕದಲ್ಲಿ ಸೇಡಂ ಮತ್ತು ಮಳಖೇಡದ ಬಳಿಯಲ್ಲಿ ಬೇರೆ ಕಾರ್ಖಾನೆಗಳು ಬಂದವು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟದ ನೆರೆಯಲ್ಲಿ ಇಂದು ಸಿಮೆಂಟಿನ ಗೂಡುಗಳು ಉರಿಯುತ್ತಿವೆ. ಹೀಗೆ ಕಲಬುರಗಿ ಜಿಲ್ಲೆಯು ದೇಶಕ್ಕೆ ಸಿಮೆಂಟನ್ನು ಕೊಡುವ ಜಿಲ್ಲೆಗಳಲ್ಲೊಂದಾಯಿತು. ಆದರೆ ಸಿಮೆಂಟನ್ನು ತಯಾರಿಸುವುದು ಒಂದು ವಿದ್ಯೆ. ಅದರಿಂದ ಪೂರ್ಣ ಬಲವನ್ನು ಪಡೆಯುವುದು ಇನ್ನೊಂದು ವಿದ್ಯೆ. ಎರಡನೆಯದು ಮೊದಲನೆಯದರೊಡನೆ ತಾನಾಗಿ ಬರಲಿಲ್ಲ.

೪. ಆವಿಯ ಪದ್ಧತಿಯ ಹಿನ್ನೆಲೆ

ಸಿಮೆಂಟು ಗಟ್ಟಿಯಾಗುವುದು ಅದು ನೀರಿನೊಡನೆ ನಡೆಸುವ ರಾಸಾಯನಿಕ ಕ್ರಿಯೆಯಿಂದ. ಈ ಕ್ರಿಯೆಯು ಕಾವಿನಲ್ಲಿ ವೇಗವಾಗಿಯೂ ಚಳಿಯಲ್ಲಿ ಮಂದವಾಗಿಯೂ ನಡೆಯುತ್ತದೆ. ಯುರೋಪಿನ ಮತ್ತು ಅಮೆರಿಕದ ಉತ್ತರಭಾಗದ ಚಳಿದೇಶಗಳಲ್ಲಿ ಇದರಿಂದ ಅಚ್ಚಿನ ಕಾಂಕ್ರೀಟಿನ ಕಾರ್ಖಾನೆಗಳಿಗೆ ದೊಡ್ಡ ಅಡಚಣೆಯಾಯಿತು. ಉಕ್ಕಿನ ಅಚ್ಚುಗಳಿಗೆ ಬೆಲೆ ಹೆಚ್ಚು. ಒಂದು ವಸ್ತುವು ಗಟ್ಟಿಯಾಗುವವರೆಗೆ ಅಚ್ಚನ್ನು ಬಿಚ್ಚುವಂತಿಲ್ಲ. ಬಿಚ್ಚದೆ ಎರಡನೆಯ ವಸ್ತುವನ್ನು ಹೊಯ್ಯುವಂತಿಲ್ಲ. ಅಚ್ಚು ದಿನಕ್ಕೊಮ್ಮೆಯಾದರೂ ಬಿಡುವಾಗಬೇಕಾದರೆ ಕಾಂಕ್ರೀಟಿಗೆ ಕಾವು ಕೊಡಲೇಬೇಕಾಯಿತು. ಆವಿಯು ಕಾವನ್ನೂ ತೇವವನ್ನೂ ಒಟ್ಟಿಗೆ ಕೊಡುವುದರಿಂದ ಅದನ್ನೇ ಆರಿಸಿಕೊಂಡರು.

ಎರಡನೆಯ ಮಹಾಯುದ್ಧದ ತರುವಾಯ, ಮನೆಗಳ ಕೊರತೆಯು ಯುರೋಪನ್ನೆಲ್ಲ ಕಾಡುತ್ತಿದ್ದಾಗ, ಈ ವಿಷಯದಲ್ಲಿ ಶಾಸ್ತ್ರೀಯ ವಿಚಾರವು ನಡೆಯಿತು. ಇಂಗ್ಲೆಂಡಿನ ನರ್ಸ್ ೧೯೪೯ರಲ್ಲಿಯೂ ಸಾಲ್ ೧೯೫೧ರಲ್ಲಿಯೂ ಪ್ರಕಟಿಸಿದ ಲೇಖನಗಳು ಇಂದಿಗೂ ಆಧಾರಭೂತವಾಗಿವೆ. ಕಾಂಕ್ರೀಟಿನ ಬಲವು ಅದರ ವಯಸ್ಸನ್ನು ಮಾತ್ರವಲ್ಲದೆ, ಉಷ್ಣತೆ ಮತ್ತು ಕಾಲಗಳ ಗುಣಲಬ್ಧವನ್ನು ಅವಲಂಬಿಸಿದೆಯೆಂಬುದು ಅವರ ನಿಯಮದ ಸಾರ. ಉಷ್ಣತೆಯನ್ನು ಶೂನ್ಯಕ್ಕಿಂತ ಸುಮಾರು ೧೦ ಡಿಗ್ರಿ ಕೆಳಗಿನಿಂದ ಎಣಿಸಬೇಕು. ಈ ನಿಯಮದಂತೆ ೧೦ ಡಿಗ್ರಿ ಉಷ್ಣತೆಯ ಊರಿನಲ್ಲಿ ಒಂದು ದಿನ ಕಳೆದ ಕಾಂಕ್ರೀಟಿಗೆ ೨೦ನ್ನು ೨೪ ಗಂಟೆಗಳಿಂದ ಗುಣಿಸಿದ ೪೮೦ರ ಪಕ್ವತೆ ದೊರೆಯುತ್ತದೆ. ಸರಾಸರಿ ೩೫ ಡಿಗ್ರಿಯ ಜೇವರ್ಗಿಯ ಬೇಸಗೆಯ ದಿನವೊಂದರಲ್ಲಿ ೪೫ನ್ನು ೨೪ರಿಂದ ಗುಣಿಸಿದ ೧೦೮೦ರ ಪಕ್ವತೆ ದೊರೆಯುತ್ತದೆ. ಎಂದರೆ, ಅಲ್ಲಿಯ ಎರಡು ದಿನಗಳಿಗಿಂತ ಹೆಚ್ಚಿನ ಕೆಲಸವು ಇಲ್ಲಿ ಉರುವಲಿಲ್ಲದೆಯೇ ಒಂದು ದಿನದಲ್ಲಿ ಆಗಬಲ್ಲದು. ಆದರೆ ಈ ನಿಯಮಕ್ಕೆ ಒಂದು ಷರತ್ತು ಇದೆ: ಕಾಂಕ್ರೀಟಿನ ತೇವವು ಉಳಿದಿರಬೇಕು. ಚಳಿದೇಶದಲ್ಲಿ ಆ ಷರತ್ತು ಬಹುಮಟ್ಟಿಗೆ ತಾನಾಗಿ ನೆರವೇರುತ್ತದೆ. ನಮ್ಮಲ್ಲಿ ನೆರವೇರದು.

ಉರುವಲಿನ ಲೆಕ್ಕವನ್ನೂ ಇಲ್ಲಿಯೇ ನೋಡಬಹುದು. ಒಂದು ಘನಮೀಟರು ಕಾಂಕ್ರೀಟಿನ ತೂಕ ಸುಮಾರು ೨೪೦೦ ಕಿಲೋಗ್ರಾಮು. ಅದನ್ನು ಒಂದು ಡಿಗ್ರಿ ಕಾಯಿಸಲು ಸುಮಾರು ೨.೪ ಮೆಗಾಜೂಲು ಶಾಖ ಬೇಕು. ೧೦ ಡಿಗ್ರಿಯಿಂದ ೬೦ ಡಿಗ್ರಿಗೆ ಏರಿಸಲು ೧೨೦ ಮೆಗಾಜೂಲು. ೩೫ ಡಿಗ್ರಿಯಿಂದ ಏರಿಸಲು ಅದರ ಅರ್ಧ, ಎಂದರೆ ೬೦. ಅಚ್ಚು, ಕೋಣೆಯ ಗೋಡೆ, ಸೋರುವ ಆವಿ ಇವುಗಳಿಂದ ಆಗುವ ನಷ್ಟವು ಇದಕ್ಕೆ ಬೇರೆಯಾಗಿ ಸೇರುತ್ತದೆ. ಇನ್ನೊಂದು ಕಡೆಯಲ್ಲಿ, ಸಿಮೆಂಟು ಗಟ್ಟಿಯಾಗುವಾಗ ತಾನೇ ಶಾಖವನ್ನು ಹೊರಬಿಡುತ್ತದೆ. ಕಿಲೋಗ್ರಾಮಿಗೆ ೩೫೦ ಕಿಲೋಜೂಲಿನಂತೆ ಹಿಡಿದರೆ, ೩೫೦ ಕಿಲೋಗ್ರಾಮು ಸಿಮೆಂಟುಳ್ಳ ಘನಮೀಟರೊಂದರಿಂದ ಒಟ್ಟಿನಲ್ಲಿ ೧೨೦ ಮೆಗಾಜೂಲಿಗೂ ತುಸು ಹೆಚ್ಚು ಶಾಖವು ಹೊರಡುತ್ತದೆ; ಅದರಲ್ಲಿ ದೊಡ್ಡ ಪಾಲು ಮೊದಲ ಕೆಲವು ದಿನಗಳಲ್ಲಿಯೇ. ಕಾಂಕ್ರೀಟು ತನ್ನ ಒಲೆಯನ್ನು ತನ್ನೊಳಗೇ ಹೊತ್ತಿದೆ. ಆ ಶಾಖವು ಗಾಳಿಗೆ ಹೋಗದಂತೆ ಹೊದಿಸಿಟ್ಟರೆ ಹೊರಗಿನಿಂದ ಕೊಡಬೇಕಾದ ಕಾವು ಇನ್ನೂ ಕಡಿಮೆಯಾಗುತ್ತದೆ.

೫. ಭಾರತದಲ್ಲಿ ಅಚ್ಚಿನ ಕಾಂಕ್ರೀಟು

ಯುದ್ಧಾನಂತರದ ಯುರೋಪಿನಂತೆಯೇ ಸ್ವತಂತ್ರ ಭಾರತವೂ ಮನೆಗಳ ಕೊರತೆಯನ್ನು ಎದುರಿಸಬೇಕಾಯಿತು. ದೇಶವಿಭಜನೆಯಿಂದ ನಿರಾಶ್ರಿತರಾದವರಿಗೆ ಶೀಘ್ರವಾಗಿ ಮನೆಗಳನ್ನು ಒದಗಿಸಲು ಕೇಂದ್ರ ಸರಕಾರವು ದೆಹಲಿಯಲ್ಲಿ ಮನೆಯ ಭಾಗಗಳನ್ನು ತಯಾರಿಸುವ ಕಾರ್ಖಾನೆಯೊಂದನ್ನು ಸ್ಥಾಪಿಸಿತು. ಈ ಪ್ರಯತ್ನಕ್ಕೂ ಕನ್ನಡನಾಡಿಗೂ ಒಂದು ಸಂಬಂಧವುಂಟು. ಬರ್ಲಿನ್ನಿನಿಂದ ದೇಶಭ್ರಷ್ಟರಾಗಿ ಬಂದು ೧೯೩೯ರಿಂದ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿದ್ದ ಆಟೊ ಕ್ಯೋನಿಗ್ಸ್‌ಬರ್ಗರ್ ಅವರೇ ೧೯೪೮ರಲ್ಲಿ ಕೇಂದ್ರ ಸರಕಾರದ ವಸತಿ ನಿರ್ದೇಶಕರಾದರು. ಕಾರ್ಖಾನೆಯ ಹಗುರ ಕಾಂಕ್ರೀಟಿನ ಫಲಕಗಳು ನಿರೀಕ್ಷಿಸಿದ ದೃಢತೆಯನ್ನು ಪಡೆಯಲಿಲ್ಲ. ಯೋಜನೆಯು ಮೊದಲ ರೂಪದಲ್ಲಿ ಸೋತಿತು. ೧೯೫೧ರಲ್ಲಿ ಅವರು ಭಾರತವನ್ನು ಬಿಟ್ಟರು. ಆ ಕಾರ್ಖಾನೆಯು ೧೯೫೩ರಲ್ಲಿ ಹೊಸ ವ್ಯವಸ್ಥೆಗೆ ಒಳಪಟ್ಟು 'ಹಿಂದೂಸ್ಥಾನ್ ಹೌಸಿಂಗ್ ಫ್ಯಾಕ್ಟರಿ'ಯಾಗಿ ಮುಂದುವರಿಯಿತು.

ಕ್ಯೋನಿಗ್ಸ್‌ಬರ್ಗರ್ ಮುಂದೆ ಸಂಗಡಿಗರೊಡನೆ ೧೯೭೪ರಲ್ಲಿ ಉಷ್ಣವಲಯದ ಕಟ್ಟಡಗಳನ್ನು ಕುರಿತು ಪ್ರಕಟಿಸಿದ ಗ್ರಂಥವು ಹವಾಮಾನವನ್ನೇ ವಿಚಾರದ ಮೊದಲ ಮೆಟ್ಟಿಲಾಗಿ ಇಟ್ಟುಕೊಂಡಿದೆ. ಬೇರೆಡೆಯಲ್ಲಿ ಸಿದ್ಧವಾದ ಪದ್ಧತಿಯನ್ನು ತಂದು ನಿಲ್ಲಿಸುವ ಮೊದಲು ಇಲ್ಲಿಯ ಗಾಳಿ, ಬಿಸಿಲು, ನೀರುಗಳನ್ನು ವಿಚಾರಿಸಬೇಕೆಂಬ ಮಾತಿಗೆ ದೆಹಲಿಯ ಸೋಲಿನಷ್ಟು ಸ್ಪಷ್ಟವಾದ ನಿದರ್ಶನ ಇನ್ನೊಂದಿಲ್ಲ.

ಆವಿಯಿಂದ ಹದಗೊಳಿಸುವ ಪದ್ಧತಿಯು ನಮ್ಮ ದೇಶದಲ್ಲಿ ದೃಢವಾಗಿ ನೆಲೆಯೂರಿದುದು ರೈಲುಹಳಿಗಳ ಕೆಳಗೆ ಹಾಕುವ ಕಾಂಕ್ರೀಟು ಸ್ಲೀಪರುಗಳ ಕಾರ್ಖಾನೆಗಳಲ್ಲಿ. ಮರದ ಸ್ಲೀಪರುಗಳ ಸ್ಥಾನದಲ್ಲಿ ಇವು ೧೯೬೦ರ ದಶಕದ ಕೊನೆಯಿಂದ ಬಳಕೆಗೆ ಬಂದವು. ಎಳೆದು ಬಿಗಿಗೊಳಿಸಿದ ಉಕ್ಕಿನ ತಂತಿಗಳನ್ನು ಹಿಡಿದಿಡಲು ಕಾಂಕ್ರೀಟು ಕೆಲವೇ ಗಂಟೆಗಳಲ್ಲಿ ಸಾಕಷ್ಟು ಬಲವನ್ನು ಪಡೆಯಬೇಕಾದುದರಿಂದ ಇಲ್ಲಿ ಆವಿಯ ಉಪಯೋಗಕ್ಕೆ ಸಕಾರಣವಿದೆ. ಎಲ್ಲ ಕಾವೂ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಕಾರಣವನ್ನು ವಿಚಾರಿಸದೆ ಕೊಡುವ ಕಾವು ವ್ಯರ್ಥವೆಂಬುದಷ್ಟೇ ನಮ್ಮ ಮಾತು.

೬. ಅವಸರದ ಬೆಲೆ

ಕಾವು ಹೆಚ್ಚಿದಷ್ಟೂ ಲಾಭವೆಂಬ ಭಾವನೆಯನ್ನು ಮುಂದಿನ ಸಂಶೋಧನೆಗಳು ತಿದ್ದಿದವು. ಮೊದಲ ದಿನಗಳಲ್ಲಿ ಹೆಚ್ಚಿನ ಉಷ್ಣತೆಯನ್ನು ಕಂಡ ಕಾಂಕ್ರೀಟು ಬೇಗನೆ ಬಲಗೊಂಡರೂ, ತಿಂಗಳು ಕಳೆದ ಮೇಲೆ ತಂಪಿನಲ್ಲಿ ನಿಧಾನವಾಗಿ ಬೆಳೆದುದಕ್ಕಿಂತ ಹಿಂದೆ ಬೀಳುತ್ತದೆಂಬುದನ್ನು ಅಮೆರಿಕದ ಕ್ಲೀಗರ್ ೧೯೫೮ರಲ್ಲಿ ತೋರಿಸಿದರು. ವರ್ಬೆಕ್ ಮತ್ತು ಹೆಲ್ಮತ್ ೧೯೬೮ರಲ್ಲಿ ಇದಕ್ಕೆ ಕಾರಣವನ್ನು ವಿವರಿಸಿದರು: ಕ್ರಿಯೆಯು ಅತಿವೇಗವಾಗಿ ನಡೆದಾಗ ಉತ್ಪನ್ನವಾದ ವಸ್ತುವು ಸಮನಾಗಿ ಹರಡಿಕೊಳ್ಳದೆ ಸಿಮೆಂಟಿನ ಕಣಗಳ ಸುತ್ತಲೇ ದಟ್ಟವಾಗಿ ಕೂಡಿಕೊಳ್ಳುತ್ತದೆ; ನಡುವೆ ದುರ್ಬಲವಾದ ಎಡೆಗಳು ಉಳಿಯುತ್ತವೆ. ಎಳೆಯ ಪೈರಿಗೆ ಅತಿಯಾದ ಬಿಸಿಲು ತಾಗಿದರೆ ಬೇಗನೆ ತೆನೆಬಿಟ್ಟು ಕಾಳು ಜೊಳ್ಳಾಗುವುದನ್ನು ನಮ್ಮ ಒಕ್ಕಲಿಗರು ಬಲ್ಲರು, ಇದೂ ಅಂತಹುದೇ.

ಇನ್ನೂ ಗಂಭೀರವಾದ ದೋಷವು ೧೯೮೦ರ ದಶಕದಲ್ಲಿ ಬೆಳಕಿಗೆ ಬಂದಿತು. ಜರ್ಮನಿ ಮೊದಲಾದ ದೇಶಗಳಲ್ಲಿ ಅತಿಯಾದ ಕಾವಿನಲ್ಲಿ ಹದಗೊಳಿಸಿದ ಸ್ಲೀಪರುಗಳು ಕೆಲವು ವರ್ಷಗಳ ಅನಂತರ ಒಳಗಿನಿಂದಲೇ ಉಬ್ಬಿ ಬಿರುಕುಬಿಟ್ಟವು. ಕಾಂಕ್ರೀಟಿನ ಉಷ್ಣತೆಯು ಸುಮಾರು ೭೦ ಡಿಗ್ರಿಯನ್ನು ಮೀರಿದಾಗ ಎಟ್ರಿಂಗೈಟ್ ಎಂಬ ಲವಣವು ಮೊದಲು ಮೂಡಲಾರದೆ, ಗಟ್ಟಿಯಾದ ಮೇಲೆ ತಡವಾಗಿ ಮೂಡಿ ಒತ್ತಡವನ್ನುಂಟುಮಾಡುವುದು ಇದಕ್ಕೆ ಕಾರಣ. ಆದಕಾರಣ ಹೊಯ್ದ ಮೇಲೆ ಕೆಲವು ಗಂಟೆ ತಡೆದು, ಗಂಟೆಗೆ ೨೦ ಡಿಗ್ರಿಗೆ ಮೀರದಂತೆ ಮೆಲ್ಲನೆ ಏರಿಸಿ, ೭೦ ಡಿಗ್ರಿಯ ಒಳಗೇ ನಿಲ್ಲಿಸಿ, ಮೆಲ್ಲನೆ ಇಳಿಸುವ ಕ್ರಮವು ಉತ್ತಮವೆಂದು ಈಗ ಒಪ್ಪಿದ್ದಾರೆ. ಬೇಸಗೆಯಲ್ಲಿ ಹೊಯ್ಯುವಾಗಲೇ ಕಾಂಕ್ರೀಟು ೩೫ ಡಿಗ್ರಿಯ ಮೇಲಿದ್ದರೆ, ಅದರ ಒಳಗಿನ ಶಾಖವೂ ಕೂಡಿದರೆ, ಈ ಮಿತಿಯನ್ನು ತಲುಪಲು ಉಳಿಯುವ ಅಂತರ ಬಹಳವಿಲ್ಲ. ಚಳಿದೇಶದಲ್ಲಿ ಅಪರೂಪವಾದ ಅಪಾಯವು ನಮ್ಮಲ್ಲಿ ಕೈಗೆಟುಕುವಷ್ಟು ಹತ್ತಿರದಲ್ಲಿರುತ್ತದೆ.

ಭಾರತೀಯ ಮಾನಕಗಳೂ ಇದನ್ನು ಗಮನಿಸಿವೆ. ಕಾಂಕ್ರೀಟಿನ ಮುಖ್ಯ ಸಂಹಿತೆಯಾದ ಐ.ಎಸ್. ೪೫೬ ಮೊದಲು ೧೯೫೩ರಲ್ಲಿ ಪ್ರಕಟವಾಯಿತು. ಬಿಸಿ ಹವೆಯಲ್ಲಿ ಕಾಂಕ್ರೀಟು ಹೊಯ್ಯುವುದನ್ನು ಕುರಿತು ೧೯೭೫ರಲ್ಲಿ ಬಂದ ಐ.ಎಸ್. ೭೮೬೧ರ ಮೊದಲ ಭಾಗವು ೪೦ ಡಿಗ್ರಿಗೆ ಮೀರಿದ ಹವೆಯನ್ನು 'ಬಿಸಿ ಹವೆ'ಯೆಂದು ಗುರುತಿಸಿತು. ೨೦೦೦ದ ಪರಿಷ್ಕೃತ ಐ.ಎಸ್. ೪೫೬ರ ಪ್ರಕಾರ ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ ೭ ದಿನ ತೇವದಲ್ಲಿಡಬೇಕು. ಒಣ ಹಾಗೂ ಬಿಸಿ ಹವೆಯಲ್ಲಿ ೧೦ ದಿನಗಳಿಗೆ ಕಡಿಮೆಯಾಗಬಾರದು. ಬಿಸಿಲು ಹೆಚ್ಚಿದಷ್ಟೂ ಬೇಗ ಗಟ್ಟಿಯಾಗುವುದರಿಂದ ನೀರು ಹೊಡೆಯುವ ದಿನಗಳು ಕಡಿಮೆಯಾಗಬೇಕಲ್ಲವೇ ಎಂದು ಕೇಳುವವರುಂಟು. ಸಂಹಿತೆಯು ಇದಕ್ಕೆ ವಿರುದ್ಧವಾಗಿ ಹೇಳುವುದೇಕೆಂದರೆ, ನಮ್ಮ ನಾಡಿನಲ್ಲಿ ಕೊರತೆಯಾಗುವುದು ಕಾವಲ್ಲ, ತೇವ. ಗಚ್ಚಿನ ಕೆಲಸದವರು ಬಲ್ಲ ಮಾತನ್ನೇ ಮಾನಕವು ಅಂಕೆಗಳಲ್ಲಿ ಹೇಳಿದೆ.

೭. ಬಿಸಿಲನ್ನು ಬಳಸಿದ ಪ್ರಯತ್ನಗಳು

ಬಿಸಿಲಿನ ಕಾವನ್ನು ಕ್ರಮವರಿತು ಬಳಸುವ ಪ್ರಯತ್ನಗಳಲ್ಲಿ ಸೋವಿಯತ್ ಒಕ್ಕೂಟದ ಮಧ್ಯ ಏಷ್ಯ ಭಾಗದಲ್ಲಿ ನಡೆದುದು ಗಮನಾರ್ಹ. ಅಲ್ಲಿಯ ಸಂಶೋಧಕರು ೧೯೭೦ ಮತ್ತು ೧೯೮೦ರ ದಶಕಗಳಲ್ಲಿ ಅಚ್ಚಿನ ಮೇಲೆ ಬೆಳಕು ಹಾಯುವ, ಆದರೆ ಶಾಖವನ್ನೂ ಆವಿಯನ್ನೂ ಹೊರಬಿಡದ ಮುಚ್ಚಳವನ್ನು ಇಟ್ಟರು. ಹಗಲಿನಲ್ಲಿ ಬಿಸಿಲು ಒಳಹೊಕ್ಕು ಕಾಂಕ್ರೀಟನ್ನು ಕಾಯಿಸುತ್ತದೆ. ಸಿಮೆಂಟಿನ ಸ್ವಂತ ಶಾಖವು ಅದಕ್ಕೆ ಕೂಡುತ್ತದೆ. ರಾತ್ರಿಯಲ್ಲಿ ಮುಚ್ಚಳವೇ ಹೊದಿಕೆಯಾಗುತ್ತದೆ. ನೀರು ಎಲ್ಲಿಯೂ ಹೋಗುವುದಿಲ್ಲ. ಬೇಸಗೆಯ ತಿಂಗಳುಗಳಲ್ಲಿ ಹೀಗೆ ಉರುವಲಿಲ್ಲದೆಯೇ ದಿನಕ್ಕೊಮ್ಮೆ ಅಚ್ಚನ್ನು ಬಿಡುವುಮಾಡಿಕೊಳ್ಳುವುದು ಅವರ ಉದ್ದೇಶವಾಗಿದ್ದಿತು. ಇಲ್ಲಿ ಮುಚ್ಚಳವು ಮಾಡುವ ಕೆಲಸವು ಕಾವನ್ನು ಸೃಷ್ಟಿಸುವುದಲ್ಲ. ಇರುವ ಕಾವನ್ನೂ ತೇವವನ್ನೂ ಕಳೆದುಕೊಳ್ಳದಿರುವುದು.

ಕನ್ನಡನಾಡಿನಲ್ಲಿ ಇದಕ್ಕೆ ಸಮೀಪವಾದ ಕೆಲಸವು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ನಡೆದಿದೆ. ಗ್ರಾಮಗಳಿಗೆ ಒಪ್ಪುವ ತಂತ್ರವಿದ್ಯೆಗಾಗಿ ಅಲ್ಲಿ ೧೯೭೪ರಲ್ಲಿ 'ಅಸ್ತ್ರ' ಎಂಬ ಕೇಂದ್ರವು ಆರಂಭವಾಯಿತು. ಕೆ.ಎಸ್. ಜ಼ಗದೀಶ್, ಬಿ.ವಿ. ವೆಂಕಟರಾಮರೆಡ್ಡಿ ಮೊದಲಾದವರು ಮಣ್ಣನ್ನು ಒತ್ತಿ ತಯಾರಿಸುವ, ಸುಡದ ಇಟ್ಟಿಗೆಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದರು. ಕೆಂಪುಮಣ್ಣಿಗೆ ಸ್ವಲ್ಪ ಸಿಮೆಂಟು ಸಾಕು. ಆದರೆ ಜೇವರ್ಗಿಯ ಎರೆಮಣ್ಣಿನಂತೆ ಜೇಡಿ ಹೆಚ್ಚಾಗಿದ್ದು ನೆನೆದಾಗ ಉಬ್ಬಿ ಒಣಗಿದಾಗ ಬಿರಿಯುವ ಮಣ್ಣಿಗೆ ಸುಣ್ಣವೇ ಬೇಕು. ಸುಣ್ಣ ಮತ್ತು ಜೇಡಿಗಳ ಕ್ರಿಯೆಯು ಸಾಮಾನ್ಯ ಉಷ್ಣತೆಯಲ್ಲಿ ಬಹಳ ನಿಧಾನ. ಆದುದರಿಂದ ೧೯೯೦ರ ದಶಕದಲ್ಲಿ ಅವರು ಇಂತಹ ಇಟ್ಟಿಗೆಗಳನ್ನು ಸಾಮಾನ್ಯ ಒತ್ತಡದ ಆವಿಯಲ್ಲಿ ಹದಗೊಳಿಸುವುದನ್ನು ಪರೀಕ್ಷಿಸಿದರು.

ವೆಂಕಟರಾಮರೆಡ್ಡಿ ಮತ್ತು ಜಗದೀಶರು ೨೦೦೩ರಲ್ಲಿ ಪ್ರಕಟಿಸಿದ ಲೆಕ್ಕಗಳು ನಮ್ಮ ವಿಷಯಕ್ಕೆ ನೇರವಾಗಿ ಉಪಯುಕ್ತವಾಗಿವೆ. ಸುಟ್ಟ ಇಟ್ಟಿಗೆಯೊಂದಕ್ಕೆ ೪.೨೫ ಮೆಗಾಜೂಲು ಶಕ್ತಿ ಬೇಕು. ಅದಕ್ಕಿಂತ ಎರಡೂವರೆ ಪಾಲು ದೊಡ್ಡದಾದ, ಶೇಕಡಾ ೬ ಸಿಮೆಂಟುಳ್ಳ ಮಣ್ಣಿನ ಇಟ್ಟಿಗೆಗೆ ೨.೬೦, ಅಷ್ಟೇ ಗಾತ್ರದ, ಶೇಕಡಾ ೧೦ ಸುಣ್ಣವುಳ್ಳ, ಆವಿಯಲ್ಲಿ ಹದಗೊಳಿಸಿದ ಇಟ್ಟಿಗೆಗೆ ೬.೭೦. ಒಂದೇ ಗಾತ್ರಕ್ಕೆ ಇಳಿಸಿ ನೋಡಿದರೆ ಆವಿಯ ಇಟ್ಟಿಗೆಯು ಸುಟ್ಟ ಇಟ್ಟಿಗೆಯ ಶಕ್ತಿಯಲ್ಲಿ ಸುಮಾರು ಶೇಕಡಾ ೬೦ನ್ನು ಮಾತ್ರ ಬಳಸುತ್ತದೆ. ಅದೇ ಲೇಖನದಲ್ಲಿ ಸುಣ್ಣಕ್ಕೆ ಕಿಲೋಗ್ರಾಮಿಗೆ ೫.೬೩ ಮೆಗಾಜೂಲೆಂದು ಹಿಡಿದಿರುವುದರಿಂದ, ಆವಿಯ ಇಟ್ಟಿಗೆಗೆ ತಗಲುವ ಶಕ್ತಿಯ ಬಹುಭಾಗವು ಸುಣ್ಣದ ಭಟ್ಟಿಗೆ ಸೇರಿದುದೇ ಹೊರತು ಆವಿಗಲ್ಲವೆಂದು ಲೆಕ್ಕದಿಂದ ತಿಳಿಯುತ್ತದೆ. ಬೇರೆ ದಾರಿಯಿಲ್ಲದ ಮಣ್ಣಿಗೆ ಮಿತವಾದ ಆವಿಯನ್ನು ಕೊಡುವುದು ಹೀಗೆ ಉಳಿತಾಯವೇ ಆಗುತ್ತದೆ.

೮. ಜೇವರ್ಗಿಯ ಅಂಗಳಕ್ಕೆ ಇದರ ಅನ್ವಯ

ಈ ಕಡೆಯ ಮಾತನ್ನು ಕಾಂಕ್ರೀಟಿಗೆ ಅನ್ವಯಿಸಿದಾಗ ಅತ್ಯಂತ ಮಹತ್ವದ ಸಂಗತಿಯೊಂದು ಹೊರಬೀಳುತ್ತದೆ. ಮೇಲಿನ ಸಂಶೋಧಕರು ಸಿಮೆಂಟಿಗೆ ಕಿಲೋಗ್ರಾಮಿಗೆ ೫.೮೫ ಮೆಗಾಜೂಲೆಂದು ಹಿಡಿದಿದ್ದಾರೆ. ಹೊಸ ಗೂಡುಗಳಲ್ಲಿ ಇದು ಕಡಿಮೆ. ೩ ಮೆಗಾಜೂಲೆಂದು ಇಟ್ಟುಕೊಂಡರೂ ೩೫೦ ಕಿಲೋಗ್ರಾಮು ಸಿಮೆಂಟಿಗೆ ೧೦೫೦ ಮೆಗಾಜೂಲು ಆಗುತ್ತದೆ. ಘನಮೀಟರು ಕಾಂಕ್ರೀಟನ್ನು ಬೇಸಗೆಯಲ್ಲಿ ೬೦ ಡಿಗ್ರಿಗೆ ಏರಿಸಲು ಬೇಕಾದುದು ೬೦ ಮೆಗಾಜೂಲು. ಆವಿಯ ನಷ್ಟಗಳನ್ನು ಕೂಡಿಸಿದರೂ ದೊಡ್ಡ ಬೆಂಕಿಯು ಉರಿಯುವುದು ಹದಗೊಳಿಸುವ ಕೋಣೆಯಲ್ಲಲ್ಲ, ವಾಡಿ ಸೇಡಂಗಳ ಗೂಡುಗಳಲ್ಲಿ. ಆದುದರಿಂದ ಶಕ್ತಿಯ ಉಳಿತಾಯವೆಂದರೆ ಮೊದಲನೆಯದಾಗಿ ಸಿಮೆಂಟನ್ನು ವ್ಯರ್ಥಮಾಡದಿರುವುದು. ಬೆಳಗಿನಲ್ಲಿ ಹೊಯ್ದು, ಮಧ್ಯಾಹ್ನದ ಬಿಸಿಲಿಗೆ ಬಿಟ್ಟು, ಎರಡು ದಿನ ನೀರು ಚಿಮುಕಿಸಿ ಕೈತೊಳೆದುಕೊಂಡ ಕಂಬದಲ್ಲಿ ಸಿಮೆಂಟಿನ ಒಂದು ಪಾಲು ನೀರು ಸಿಗದೆ ಹಾಗೆಯೇ ಉಳಿದುಬಿಡುತ್ತದೆ. ಅದಕ್ಕಾಗಿ ಸುಟ್ಟ ಕಲ್ಲಿದ್ದಲು, ಅದಕ್ಕಾಗಿ ತೋಡಿದ ನಮ್ಮ ಜಿಲ್ಲೆಯ ಕಲ್ಲು, ಎರಡೂ ನಷ್ಟವೇ ಸರಿ. ಅಂತಹ ಕಂಬದ ಒಳಗಿನ ಸಲಾಕೆಗೆ ತುಕ್ಕು ಹಿಡಿಯುವುದೂ ಬೇಗ. ಅದನ್ನು ಬದಲಾಯಿಸುವ ವೆಚ್ಚವು ಬೀಳುವುದು ಕೊಂಡ ಒಕ್ಕಲಿಗನ ಮೇಲೆ.

ನೀರಿನ ವಿಷಯವು ಇದಕ್ಕಿಂತಲೂ ಸೂಕ್ಷ್ಮವಾದುದು. ಕೃಷ್ಣಾ ಮೇಲ್ದಂಡೆ ಯೋಜನೆಗೆ ೧೯೬೪ರಲ್ಲಿ ಶಂಕುಸ್ಥಾಪನೆಯಾಯಿತು. ನಾರಾಯಣಪುರದ ಎಡದಂಡೆಯ ಕಾಲುವೆಯಿಂದ ಹೊರಟ ಶಾಖೆಗಳಲ್ಲೊಂದಕ್ಕೆ ಜೇವರ್ಗಿಯ ಹೆಸರೇ ಇದೆ. ಅಫಜಲಪುರ ತಾಲ್ಲೂಕಿನ ಸೊನ್ನದಲ್ಲಿ ಭೀಮಾನದಿಗೆ ಬ್ಯಾರೇಜನ್ನು ಕಟ್ಟಿದ್ದಾರೆ. ಆದರೂ ಬೇಸಗೆಯಲ್ಲಿ ಭೀಮೆಯ ಪಾತ್ರವು ಬತ್ತುವುದನ್ನೂ ಕುಡಿಯುವ ನೀರಿಗಾಗಿ ಜನರು ಕೊಡ ಹಿಡಿದು ಕಾಯುವುದನ್ನೂ ನಾವು ಬಲ್ಲೆವು. ಕಾಂಕ್ರೀಟಿಗೆ ಹೆಚ್ಚು ನೀರು ಬೇಕಾಗುವ ತಿಂಗಳೂ ಜನರಿಗೆ ನೀರು ಸಾಲದಿರುವ ತಿಂಗಳೂ ಒಂದೇ. ಇಂತಹ ಸಮಯದಲ್ಲಿ ಹತ್ತು ದಿನ ಎಡೆಬಿಡದೆ ನೀರು ಸುರಿಯಬೇಕೆಂದು ಬೋಧಿಸುವುದು ಸುಲಭ, ಆಚರಿಸುವುದು ಕಷ್ಟ. ಹೊಯ್ದ ಕೂಡಲೇ ನೆರಳಿನಲ್ಲಿಟ್ಟು, ಅಚ್ಚಿನೊಡನೆಯೇ ಪ್ಲಾಸ್ಟಿಕ್ಕಿನ ಹಾಳೆಯಿಂದ ಬಿಗಿಯಾಗಿ ಮುಚ್ಚಿ, ಅದರ ಮೇಲೆ ಗೋಣಿತಟ್ಟನ್ನೋ ಜೋಳದ ದಂಟಿನ ಹೊದಿಕೆಯನ್ನೋ ಹಾಕಿದರೆ, ಕಲಸುವಾಗ ಹಾಕಿದ ನೀರೇ ಬಹುಮಟ್ಟಿಗೆ ಒಳಗುಳಿಯುತ್ತದೆ. ಹೊರಗಿನ ಕಾವೂ ಒಳಗಿನ ಕಾವೂ ಕೆಲಸಕ್ಕೆ ಬರುತ್ತವೆ. ಬೇಸಗೆಯಲ್ಲಿ ಹೊತ್ತು ಇಳಿದ ಮೇಲೆ ಹೊಯ್ಯುವುದು ಇನ್ನೂ ಲೇಸು. ಎಳೆಯ ಕಾಂಕ್ರೀಟು ತಂಪಿನಲ್ಲಿ ಬಿಗಿಯುತ್ತದೆ, ಮರುದಿನದ ಬಿಸಿಲು ಅದನ್ನು ಬಲಪಡಿಸುತ್ತದೆ. ಮಧ್ಯಾಹ್ನದ ಉರಿಯಲ್ಲಿ ದುಡಿಯುವ ಕೂಲಿಕಾರರಿಗೂ ಇದರಿಂದ ಉಪಕಾರವುಂಟು.

ಇನ್ನೊಂದು ಅನುಕೂಲವೂ ನಮ್ಮ ನೆರೆಯಲ್ಲಿಯೇ ಇದೆ. ರಾಯಚೂರಿನ ಬಳಿಯ ಶಕ್ತಿನಗರದಲ್ಲಿ ೧೯೮೫ರಿಂದ ಉಷ್ಣವಿದ್ಯುತ್ತಿನ ಉತ್ಪಾದನೆ ನಡೆದಿದೆ. ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿಯನ್ನು ಶೇಕಡಾ ೩೫ರವರೆಗೆ ಸಿಮೆಂಟಿನಲ್ಲಿ ಬೆರೆಸಲು ಭಾರತೀಯ ಮಾನಕವು ಅನುಮತಿ ಕೊಡುತ್ತದೆ. ಅಷ್ಟರಮಟ್ಟಿಗೆ ಗೂಡಿನ ಬೆಂಕಿಯು ಉಳಿಯುತ್ತದೆ. ಬೂದಿಯ ಸಿಮೆಂಟು ಚಳಿಯಲ್ಲಿ ಬಹಳ ಮಂದ, ಕಾವಿನಲ್ಲಿ ಚುರುಕು. ಚಳಿದೇಶದಲ್ಲಿ ದೋಷವೆನಿಸುವ ಅದರ ಸ್ವಭಾವವು ನಮ್ಮ ಬಿಸಿಲಿನಲ್ಲಿ ಗುಣವಾಗಿ ಪರಿಣಮಿಸುತ್ತದೆ. ತೇವವನ್ನು ಮಾತ್ರ ಅದಕ್ಕೆ ಇನ್ನೂ ಹೆಚ್ಚು ದಿನ ಒದಗಿಸಬೇಕು. ಸುಣ್ಣಕ್ಕೆ ಸುರ್ಕಿಯನ್ನು ಬೆರೆಸಿದ ಹಿಂದಿನವರ ಕ್ರಮವೂ ಸಿಮೆಂಟಿಗೆ ಬೂದಿಯನ್ನು ಬೆರೆಸುವ ಇಂದಿನ ಕ್ರಮವೂ ರಸಾಯನದ ದೃಷ್ಟಿಯಿಂದ ಒಂದೇ ಕುಲಕ್ಕೆ ಸೇರಿದವು.

೯. ಉಪಸಂಹಾರ

ಮೇಲಿನ ವಿಚಾರದಿಂದ ಮೂರು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಅಚ್ಚಿನ ಕಾಂಕ್ರೀಟಿಗೆ ಉರುವಲಿನ ಕಾವನ್ನು ಕೊಡುವ ಪದ್ಧತಿಯು ಕಾವಿಲ್ಲದ ದೇಶಗಳ ಅವಶ್ಯಕತೆಯಿಂದ ಬೆಳೆದುದು. ಕಾವು ಹೇರಳವಾಗಿದ್ದು ತೇವವು ವಿರಳವಾದ ನಾಡಿಗೆ ಅದನ್ನು ತರುವಾಗ ಅದರ ಕ್ರಮವನ್ನು ಬದಲಾಯಿಸಬೇಕು. ಎರಡನೆಯದಾಗಿ, ನಮ್ಮಲ್ಲಿ ಶಕ್ತಿಯ ದೊಡ್ಡ ಉಳಿತಾಯವು ಕಾವನ್ನು ಸೇರಿಸುವುದರಲ್ಲಿಲ್ಲ; ನೀರನ್ನು ಉಳಿಸಿಕೊಂಡು ಸಿಮೆಂಟಿನಿಂದ ಪೂರ್ಣ ಫಲವನ್ನು ಪಡೆಯುವುದರಲ್ಲಿದೆ. ಮೂರನೆಯದಾಗಿ, ಈ ತಿಳಿವಳಿಕೆಯು ಭೀಮಾತೀರಕ್ಕೆ ಹೊಸದಲ್ಲ. ಗಚ್ಚಿನ ಕೆಲಸದವರ ಕೈಯಲ್ಲಿ ಅದು ಬೇರೊಂದು ರೂಪದಲ್ಲಿ ಇದ್ದಿತು.

ಸುಣ್ಣದ ಗಾಣಗಳು ಈಗ ಬಹುತೇಕ ನಿಂತಿವೆ. ಗಚ್ಚನ್ನು ಹದಮಾಡಬಲ್ಲ ಹಿರಿಯರು ದಿನೇ ದಿನೇ ವಿರಳರಾಗುತ್ತಿದ್ದಾರೆ. ಜೇವರ್ಗಿ, ಆಳಂದ, ಅಫಜಲಪುರ ತಾಲ್ಲೂಕುಗಳ ನಮ್ಮ ವಿದ್ಯಾರ್ಥಿಗಳು ತಂತಮ್ಮ ಊರಿನಲ್ಲಿ ಅಂತಹವರಿದ್ದರೆ ಅವರ ಮಾತುಗಳನ್ನು ಬರೆದಿಟ್ಟುಕೊಳ್ಳುವುದು ಚರಿತ್ರೆಗೆ ದೊಡ್ಡ ಸಹಾಯವಾದೀತು. ಸುಣ್ಣವನ್ನು ಎಷ್ಟು ದಿನ ಕೊಳೆಯಿಡುತ್ತಿದ್ದರು, ಯಾವ ತಿಂಗಳಿನಲ್ಲಿ ಗಚ್ಚು ಬಳಿಯುತ್ತಿರಲಿಲ್ಲ, ಬಿಸಿಲಿಗೆ ಯಾವುದನ್ನು ಹೊದಿಸುತ್ತಿದ್ದರು ಎಂಬ ಸಣ್ಣ ಸಂಗತಿಗಳೇ ಇಲ್ಲಿ ಆಧಾರಗಳು. ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಒಂದು ಉಷ್ಣಮಾಪಕವನ್ನು ಹಿಡಿದು ಊರಿನ ಅಂಗಳವೊಂದರಲ್ಲಿ ಮುಚ್ಚಿದ ಮತ್ತು ಮುಚ್ಚದ ಕಾಂಕ್ರೀಟಿನ ಉಷ್ಣತೆಯನ್ನು ಬೇಸಗೆಯ ಒಂದು ವಾರ ಗುರುತುಮಾಡಿದರೆ, ಆ ಎರಡು ಬಗೆಯ ದಾಖಲೆಗಳನ್ನು ಒಟ್ಟಿಗಿಟ್ಟು ನೋಡುವ ಅವಕಾಶವು ದೊರೆಯುತ್ತದೆ. ದೇಶಕ್ಕೆ ಸಿಮೆಂಟನ್ನು ಕೊಡುವ ಜಿಲ್ಲೆಯು ಅದನ್ನು ಬಾಳಿಕೆ ಬರುವಂತೆ ಬಳಸುವ ಕ್ರಮವನ್ನೂ ತನ್ನ ಅನುಭವದಿಂದಲೇ ರೂಪಿಸಿಕೊಳ್ಳುವುದು ಉಚಿತವೆಂದು ನಾವು ಭಾವಿಸುತ್ತೇವೆ.